ಮಗು ಬೆಳೆಯುತ್ತಿಲ್ಲ ಅನ್ನಿಸಿದಾಗ: ಯಾವ ಪರೀಕ್ಷೆ, ಯಾವ ಚುಚ್ಚುಮದ್ದು?

ನಮ್ಮ ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಮಗಳ ಎತ್ತರದ ಗೆರೆಗಳಿದ್ದವು. ಅವಳಿಗೆ ಐದು ತುಂಬಿದ ಮೇಲೆ ಬಂದ ಸುಗ್ಗಿ ಹಬ್ಬಕ್ಕೆ ಮನೆಗೆ ಸುಣ್ಣ ಬಳಿಸಿದೆವು, ಗೆರೆಗಳೆಲ್ಲ ಸುಣ್ಣದಡಿ ಸೇರಿದವು. ಆರನೇ ವರ್ಷದಲ್ಲಿ ಮಕ್ಕಳ ವೈದ್ಯರ ಮುಂದೆ ಕುಳಿತಾಗ ಅವರು ಮೊದಲು ಕೇಳಿದ್ದೇ "ಹೋದ ವರ್ಷ ಎಷ್ಟಿದ್ದಳು?" ಎಂದು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಅಳತೆ ತೆಗೆದರೆ ಸಾಲದು, ಬರೆದಿಡಿ ಎಂದು ದಿನಕ್ಕೆ ನಾಲ್ಕು ಸಲ ಮಕ್ಕಳಿಗೆ ಹೇಳುವವಳು. ನನ್ನ ಬಳಿ ಉತ್ತರವಿರಲಿಲ್ಲ. ವೈದ್ಯರು 101.2 ಸೆಂಟಿಮೀಟರ್ ಎಂದು ಬರೆದುಕೊಂಡು, ಆರು ತಿಂಗಳಿಗೊಮ್ಮೆ ಬರಲು ಹೇಳಿ ಕಳಿಸಿದರು. ವರ್ಷ ಕಳೆದ ಮೇಲೆ 104.6. ಹನ್ನೆರಡು ತಿಂಗಳಿಗೆ 3.4 ಸೆಂಟಿಮೀಟರ್. ಅಲ್ಲಿಂದ ನಮ್ಮ ಓಡಾಟ ಶುರುವಾಯಿತು.

ಈಗ ಅವಳಿಗೆ ಹನ್ನೊಂದು. ನಾಲ್ಕು ವರ್ಷದಿಂದ ಪ್ರತಿ ರಾತ್ರಿ ಮಲಗುವ ಮುನ್ನ ಬೆಳವಣಿಗೆಯ ಹಾರ್ಮೋನಿನ ಚುಚ್ಚುಮದ್ದು ನಡೆಯುತ್ತಿದೆ. ಶನಿವಾರಸಂತೆ, ಸೋಮವಾರಪೇಟೆ, ಕುಶಾಲನಗರದ ಕಡೆಯಿಂದ ಪರಿಚಯದವರು, ಪರಿಚಯದವರ ನೆಂಟರು ಫೋನ್ ಮಾಡುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: ಇನ್ನೂ ಕಾಯೋಣವೇ? ಎರಡು ಮೂರು ಪರೀಕ್ಷೆ ಹೇಳುತ್ತಾರಲ್ಲ, ಯಾವುದು ಸರಿ? ವಾರಕ್ಕೊಮ್ಮೆ ಕೊಡುವ ಮದ್ದು ಬಂದಿದೆಯಂತೆ, ಅದೇ ಒಳ್ಳೆಯದೇ? ನಾನು ವೈದ್ಯೆಯಲ್ಲ, ನಿಮ್ಮ ಮಗುವಿನ ವಿಚಾರದಲ್ಲಿ ಕೊನೆಯ ಮಾತು ನಿಮ್ಮ ಹಾರ್ಮೋನ್ ತಜ್ಞರದ್ದೇ. ಆದರೆ ತಜ್ಞರ ಕೋಣೆಯಲ್ಲಿ ಸಿಗುವ ಹತ್ತು ನಿಮಿಷದಲ್ಲಿ ಏನು ಕೇಳಬೇಕೆಂದು ತಿಳಿದಿದ್ದರೆ ಆ ಹತ್ತು ನಿಮಿಷ ಸಾರ್ಥಕ. ಅದಕ್ಕೆಂದು ಇದನ್ನು ಬರೆದಿದ್ದೇನೆ.

ಕಾಯುವುದೋ, ಪರೀಕ್ಷೆ ಮಾಡಿಸುವುದೋ

ನಮ್ಮತ್ತೆ ಹೇಳಿದ್ದು ಹೀಗೆ: "ಅವಳಪ್ಪನೂ ಹೀಗೇ ಇದ್ದ. ಹತ್ತನೇ ತರಗತಿ ಮುಗಿದ ಮೇಲೆ ಒಮ್ಮೆಲೇ ಎದ್ದ. ಅಷ್ಟಕ್ಕೂ ಹೆಣ್ಣು ಮಗು ಸ್ವಲ್ಪ ಕುಳ್ಳಗಿದ್ದರೆ ಏನಾಯಿತು?"

ಈ ಮಾತಿನ ಮೊದಲರ್ಧವನ್ನು ತಳ್ಳಿಹಾಕುವಂತಿಲ್ಲ. ಮೂಳೆಗಳು ತಡವಾಗಿ ಬಲಿಯುವ, ಮೈನೆರೆಯುವುದು ತಡವಾಗುವ, ಕೊನೆಗೆ ಮನೆತನದ ಎತ್ತರಕ್ಕೆ ಬಂದು ನಿಲ್ಲುವ ಮಕ್ಕಳು ಬಹಳ ಇದ್ದಾರೆ. ನನ್ನ ನಾದಿನಿಯ ಮಗ ಹಾಗೆಯೇ. ಹದಿಮೂರಕ್ಕೆ ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ, ಎಕ್ಸ್‌ರೇಯಲ್ಲಿ ಮೂಳೆಯ ವಯಸ್ಸು ಹನ್ನೊಂದು. ಆದರೆ ವರ್ಷಕ್ಕೆ ಐದು ಸೆಂಟಿಮೀಟರಿನಂತೆ ತಪ್ಪದೆ ಬೆಳೆಯುತ್ತಿದ್ದ. ಅವನ ವೈದ್ಯರು ಯಾವ ಹಾರ್ಮೋನ್ ಪರೀಕ್ಷೆಯನ್ನೂ ಬರೆಯಲಿಲ್ಲ, ಅಳೆಯುತ್ತಾ ಇರಿ ಎಂದರು. ಈಗ ಅವನು ನನ್ನನ್ನು ಬಗ್ಗಿ ನೋಡಿ ಮಾತನಾಡುತ್ತಾನೆ. ಒಂದೇ ಮನೆಯ ಎರಡು ಗಿಡ್ಡ ಮಕ್ಕಳು. ಒಬ್ಬನಿಗೆ ಕಾಯುವುದೇ ಚಿಕಿತ್ಸೆ, ಇನ್ನೊಬ್ಬಳಿಗೆ ಕಾದದ್ದೇ ನಷ್ಟ. ಎತ್ತರ ನೋಡಿದರೆ ಇಬ್ಬರೂ ಒಂದೇ. ವ್ಯತ್ಯಾಸ ಕಂಡದ್ದು ಬೆಳೆಯುವ ವೇಗದಲ್ಲಿ.

ಅತ್ತೆಯ ಮಾತಿನ ಎರಡನೇ ಅರ್ಧದ ಬಗ್ಗೆ ಮಾತ್ರ ನನಗೆ ಇವತ್ತಿಗೂ ಸಿಟ್ಟಿದೆ. ಹಾಕಿ ಆಡುವ, ಸೈನ್ಯಕ್ಕೆ ಸೇರುವ ನಾಡು ನಮ್ಮದು. ಹುಡುಗ ಗಿಡ್ಡನಾದರೆ ಇಡೀ ಕುಟುಂಬ ಎದ್ದು ಓಡುತ್ತದೆ, ಹುಡುಗಿಯಾದರೆ "ಮುದ್ದಾಗಿದ್ದಾಳೆ" ಎನ್ನುತ್ತದೆ. ಕೊಡಗಿನದ್ದಷ್ಟೇ ಕತೆಯಲ್ಲ ಇದು. ಹೊರದೇಶಗಳ ದಾಖಲೆಗಳಲ್ಲೂ ಈ ಚಿಕಿತ್ಸೆ ಪಡೆಯುವವರಲ್ಲಿ ಹುಡುಗರೇ ಹೆಚ್ಚು. ಗಿಡ್ಡ ಹುಡುಗಿಯಲ್ಲಿ ನೋಡಲೇಬೇಕಾದ ಇನ್ನೊಂದು ಕಾರಣವೂ ಇದೆ: ಟರ್ನರ್ ಸಿಂಡ್ರೋಮ್. ಸುಮಾರು 2,000ದಿಂದ 2,500 ಹೆಣ್ಣು ಮಕ್ಕಳಲ್ಲಿ ಒಬ್ಬರಿಗೆ ಒಂದು ಎಕ್ಸ್ ವರ್ಣತಂತು ಪೂರ್ತಿಯಾಗಿಯೋ ಭಾಗಶಃವೋ ಇರುವುದಿಲ್ಲ. ಕೆಲವರಲ್ಲಿ ಗಿಡ್ಡತನ ಬಿಟ್ಟರೆ ಹೊರಗೆ ಏನೂ ಕಾಣುವುದಿಲ್ಲ. ಕಾರಣ ತಿಳಿಯದೆ ಗಿಡ್ಡವಾಗಿರುವ ಹುಡುಗಿಗೆ ವರ್ಣತಂತು ಪರೀಕ್ಷೆ ಮಾಡಿಸದೆ ಮುಂದೆ ಹೋಗಬೇಡಿ. ನಮ್ಮ ಮಗಳದ್ದು ಸರಿಯಿತ್ತು.

ಲೆಕ್ಕಕ್ಕೆ ಬರೋಣ. ನಾಲ್ಕು ವರ್ಷದಿಂದ ಮೈನೆರೆಯುವವರೆಗೆ ಮಕ್ಕಳು ವರ್ಷಕ್ಕೆ ಸಾಮಾನ್ಯವಾಗಿ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ನಾಲ್ಕಕ್ಕಿಂತ ಕಡಿಮೆಯಾದರೆ ಕಾರಣ ಹುಡುಕಬೇಕು. ಐದು ವರ್ಷದವರೆಗೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ಬೆಳವಣಿಗೆಯ ನಕ್ಷೆ, ಐದರಿಂದ ಹದಿನೆಂಟರವರೆಗೆ ಭಾರತೀಯ ಮಕ್ಕಳ ವೈದ್ಯರ ಸಂಘದ 2015ರ ನಕ್ಷೆ ಬಳಸುತ್ತಾರೆ. ಮನೆತನದ ಎತ್ತರಕ್ಕೂ ಸುಲಭದ ಸೂತ್ರವಿದೆ: ತಂದೆ ತಾಯಿಯ ಎತ್ತರ ಕೂಡಿಸಿ, ಹುಡುಗನಾದರೆ 13 ಸೇರಿಸಿ, ಹುಡುಗಿಯಾದರೆ 13 ಕಳೆದು, ಎರಡರಿಂದ ಭಾಗಿಸಿ. ನಮ್ಮವರು 168, ನಾನು 155. ಮಗಳ ಲೆಕ್ಕ 155ಕ್ಕೆ ಬರುತ್ತದೆ, ಅದರ ಆಚೀಚೆ ಏಳೆಂಟು ಸೆಂಟಿಮೀಟರ್ ಸಹಜ. ಅವಳ ಬೆಳವಣಿಗೆಯ ಗೆರೆ ಆ ದಾರಿಯ ಹತ್ತಿರವೂ ಇರಲಿಲ್ಲ.

ಅಳೆಯುವುದು ಹೇಗೆಂದು ಹೇಳಿಬಿಡುತ್ತೇನೆ, ಏಕೆಂದರೆ ತಪ್ಪಾಗುವುದು ಇಲ್ಲೇ. ಬೂಟು, ಕೂದಲ ಕ್ಲಿಪ್ಪು ತೆಗೆಸಿ. ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಗಲಿ, ನೋಟ ನೇರವಾಗಿರಲಿ. ತಲೆಯ ಮೇಲೆ ಸ್ಕೇಲಿನ ಬದಲು ದಪ್ಪ ರಟ್ಟಿನ ಪುಸ್ತಕವನ್ನು ಗೋಡೆಗೆ ಆನಿಸಿ ಇಡಿ; ಸ್ಕೇಲು ವಾಲುತ್ತದೆ, ಪುಸ್ತಕದ ಮೂಲೆ ವಾಲುವುದಿಲ್ಲ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಬೆಳಗ್ಗೆ ಅಳೆದರೆ ಯಾವಾಗಲೂ ಬೆಳಗ್ಗೆಯೇ. ಸಂಜೆಯ ಹೊತ್ತಿಗೆ ಬೆನ್ನೆಲುಬು ಕುಗ್ಗಿ ಒಂದು ಸೆಂಟಿಮೀಟರಿನಷ್ಟು ವ್ಯತ್ಯಾಸ ಬರುತ್ತದೆ. ವರ್ಷಕ್ಕೆ ನಾಲ್ಕೋ ಐದೋ ಎಂದು ತೂಗುವಾಗ ಆ ಒಂದು ಸೆಂಟಿಮೀಟರ್ ಸಣ್ಣದಲ್ಲ. ನಮ್ಮ ಮನೆಗೆ ಈಗ ಸುಣ್ಣ ಬಳಿಯಲು ಬರುವವರಿಗೆ ಆ ಗೋಡೆಯಲ್ಲಿ ಒಂದು ಅಡಿ ಅಗಲ ಬಿಟ್ಟು ಬಳಿಯಬೇಕೆಂದು ಗೊತ್ತಿದೆ.

ಇಷ್ಟಾದರೂ ಕೆಲವು ಸಂದರ್ಭಗಳಲ್ಲಿ ವರ್ಷವಿಡೀ ಕಾಯುವ ಪ್ರಶ್ನೆಯೇ ಇಲ್ಲ. ಹುಟ್ಟಿದ ಮಗುವಿನ ರಕ್ತದ ಸಕ್ಕರೆ ಪದೇಪದೇ ಕುಸಿಯುತ್ತಿದ್ದರೆ, ಚೆನ್ನಾಗಿ ಬೆಳೆಯುತ್ತಿದ್ದ ಮಗು ಥಟ್ಟನೆ ನಿಂತರೆ, ತಲೆನೋವು, ಬೆಳಗಿನ ವಾಂತಿ, ದೃಷ್ಟಿ ಮಂಜಾಗುವುದು ಜೊತೆಗಿದ್ದರೆ, ತಲೆಗೆ ವಿಕಿರಣ ಚಿಕಿತ್ಸೆ ಆಗಿದ್ದರೆ, ಎತ್ತರವೇ ನಕ್ಷೆಯ ತೀರಾ ಕೆಳಗಿದ್ದರೆ ನೇರ ತಜ್ಞರ ಬಳಿ ಹೋಗಿ. ಮೆದುಳಿನ ಬುಡದ ಗಡ್ಡೆಯೂ ಬೆಳವಣಿಗೆ ನಿಲ್ಲಿಸುವ ಕಾರಣಗಳಲ್ಲಿ ಒಂದು.

ಮೊದಲ ಸುತ್ತಿನ ಪರೀಕ್ಷೆಗಳು

ಇಲ್ಲಿ ಆಯ್ಕೆಯ ಮಾತು ಕಡಿಮೆ. ಹಿಮೋಗ್ಲೋಬಿನ್, ಥೈರಾಯ್ಡ್, ಮೂತ್ರಪಿಂಡ, ಯಕೃತ್ತು, ಗೋಧಿಯ ಗ್ಲುಟೆನ್ ಆಗದಿರುವ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ಎಲ್ಲ ಆಗಬೇಕು. ನಮ್ಮ ಜಿಲ್ಲೆಯ ಹಾಡಿಗಳಲ್ಲಿ ಕುಡಗೋಲು ಕಣ (ಸಿಕಲ್ ಸೆಲ್) ರಕ್ತಹೀನತೆಯೂ ಇದೆ, ಅದೂ ಬೆಳವಣಿಗೆಯನ್ನು ಹಿಂದೆ ಹಾಕುತ್ತದೆ. ಎಡ ಮುಂಗೈಯ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ಏಳರ ನಮ್ಮ ಮಗಳದ್ದು ಐದಕ್ಕೂ ಬಂದಿರಲಿಲ್ಲ. ಇದಕ್ಕೆಲ್ಲ ಜಿಲ್ಲೆ ಬಿಟ್ಟು ಹೋಗಬೇಕಿಲ್ಲ. ಥೈರಾಯ್ಡ್ ಕಡಿಮೆ ಇದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಇಲ್ಲದಿದ್ದರೆ ಮುಂದಿನ ಹಾರ್ಮೋನ್ ಪರೀಕ್ಷೆಯ ಫಲಿತಾಂಶ ನಂಬುವಂತಿರುವುದಿಲ್ಲ.

ಐಜಿಎಫ್-1 ಎಂಬ ಪರೀಕ್ಷೆಯ ಬಗ್ಗೆ ಮಾತ್ರ ಒಂದು ಮಾತು. ಬೆಳವಣಿಗೆಯ ಹಾರ್ಮೋನಿನ ಆಜ್ಞೆಯಂತೆ ಮುಖ್ಯವಾಗಿ ಯಕೃತ್ತಿನಲ್ಲಿ ತಯಾರಾಗುವ ವಸ್ತು ಅದು. ದಿನವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವುದರಿಂದ ಒಂದು ಸಲ ರಕ್ತ ಕೊಟ್ಟರೆ ಸಾಕು, ಉಪವಾಸವೂ ಬೇಡ. ಆದರೆ ಸರಿಯಾಗಿ ಉಣ್ಣದ ಮಗುವಿನಲ್ಲೂ ಇದು ಕೆಳಗಿಳಿಯುತ್ತದೆ, ಸಣ್ಣ ಮಕ್ಕಳಲ್ಲಿ ಸಹಜವಾಗಿಯೇ ಕಡಿಮೆ. ವಯಸ್ಸು, ಲಿಂಗ, ಮೈನೆರೆದ ಹಂತ ನೋಡಿ ತೂಗದಿದ್ದರೆ ಆ ಅಂಕಿಗೆ ಅರ್ಥವಿಲ್ಲ.

ನೇರವಾಗಿ ಬೆಳವಣಿಗೆಯ ಹಾರ್ಮೋನನ್ನೇ ಒಂದು ಸಲ ಅಳೆದರೆ ಆಗದೇ ಎಂದು ಎಲ್ಲರೂ ಕೇಳುತ್ತಾರೆ. ಆಗದು. ಅದು ನಮ್ಮೂರಿನ ನಲ್ಲಿ ನೀರಿನಂತೆ, ಬಿಟ್ಟು ಬಿಟ್ಟು ಬರುತ್ತದೆ, ಅದೂ ಹೆಚ್ಚಾಗಿ ಗಾಢ ನಿದ್ದೆಯಲ್ಲಿ. ಹಗಲು ಹನ್ನೊಂದಕ್ಕೆ ನಲ್ಲಿ ತಿರುಗಿಸಿ ನೀರು ಬರಲಿಲ್ಲವೆಂದರೆ ಟ್ಯಾಂಕ್ ಖಾಲಿ ಎಂದಲ್ಲ. ಸಕ್ಕರೆ ಕುಸಿದ ನವಜಾತ ಶಿಶುವನ್ನು ಬಿಟ್ಟರೆ ಒಂಟಿ ಅಳತೆಯಿಂದ ಏನೂ ತಿಳಿಯುವುದಿಲ್ಲ. ಸುಮ್ಮನೆ ಒಂದು ಸಲ ಮಾಡಿಸಿ, ಸೊನ್ನೆ ಬಂದಿದೆ ಎಂದು ಗಾಬರಿಯಾಗಿ ಫೋನ್ ಮಾಡಿದವರು ನನಗೇ ಇಬ್ಬರಿದ್ದಾರೆ.

ಪ್ರಚೋದನಾ ಪರೀಕ್ಷೆ: ಯಾವುದನ್ನು ಒಪ್ಪಿಕೊಳ್ಳಬೇಕು

ಹಾಗಾಗಿ ಔಷಧಿ ಕೊಟ್ಟು, ಈ ಹಾರ್ಮೋನ್ ಸುರಿಸುವ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸಿ, ಅರ್ಧ ಗಂಟೆಗೊಮ್ಮೆ ರಕ್ತ ತೆಗೆದು, ಹಾರ್ಮೋನ್ ಎಷ್ಟು ಎತ್ತರಕ್ಕೆ ಏರಿತು ಎಂದು ನೋಡುತ್ತಾರೆ. ಸ್ಟಿಮ್ಯುಲೇಷನ್ ಟೆಸ್ಟ್ ಎಂದು ಬರೆದುಕೊಡುವುದು ಇದನ್ನೇ. ಸುಳ್ಳು ಫಲಿತಾಂಶ ಹೆಚ್ಚಾಗಿರುವುದರಿಂದ ಮಕ್ಕಳಲ್ಲಿ ಸಾಮಾನ್ಯವಾಗಿ ಬೇರೆ ಬೇರೆ ಔಷಧಿಯ ಎರಡು ಪರೀಕ್ಷೆಗಳಲ್ಲೂ ಕಡಿಮೆ ಬಂದರೆ ಮಾತ್ರ ಕೊರತೆ ಎನ್ನುತ್ತಾರೆ. ಒಂದೇ ಪರೀಕ್ಷೆಯ ಮೇಲೆ ವರ್ಷಗಟ್ಟಲೆಯ ಚುಚ್ಚುಮದ್ದು ಬರೆದರೆ, ಎರಡನೆಯದು ಏಕೆ ಬೇಡ ಎಂದು ಕೇಳುವ ಹಕ್ಕು ನಿಮಗಿದೆ. ಎಂಆರ್‌ಐಯಲ್ಲಿ ಗ್ರಂಥಿಯ ದೋಷ ಎದ್ದು ಕಾಣುತ್ತಿದ್ದು ಬೇರೆ ಹಾರ್ಮೋನುಗಳೂ ಕಡಿಮೆ ಇದ್ದರೆ ಬೇಡ ಎನ್ನುವುದಕ್ಕೆ ಕಾರಣವಿರುತ್ತದೆ.

ಕ್ಲೋನಿಡಿನ್ ಪರೀಕ್ಷೆ ಮನೆಯವರ ದೃಷ್ಟಿಯಿಂದ ಎಲ್ಲಕ್ಕಿಂತ ಸುಲಭ. ರಕ್ತದೊತ್ತಡದ ಮಾತ್ರೆ ಅದು, ಮಗುವಿನ ಅಳತೆಗೆ ತಕ್ಕಂತೆ ನುಂಗಿಸುತ್ತಾರೆ, ಎರಡು ಗಂಟೆಯಲ್ಲಿ ಮುಗಿಯುತ್ತದೆ. ತೊಂದರೆ ಎಂದರೆ ರಕ್ತದೊತ್ತಡ ಇಳಿದು ಮಗು ಜೋಲು ಬೀಳುವುದು. ನಮ್ಮವಳು ಮೂರನೇ ಸಲ ರಕ್ತ ತೆಗೆಯುವಾಗ ಗಾಢ ನಿದ್ದೆಯಲ್ಲಿದ್ದಳು, ಸಂಜೆಯವರೆಗೂ ಕಾಲು ನೆಟ್ಟಗೆ ಊರಲಿಲ್ಲ. ಪರೀಕ್ಷೆ ಮುಗಿದ ಕೂಡಲೇ ಬಸ್ಸು ಹಿಡಿಯುವ ಯೋಜನೆ ಇಟ್ಟುಕೊಳ್ಳಬೇಡಿ.

ಗ್ಲುಕಗಾನ್ ಪರೀಕ್ಷೆ ಇದಕ್ಕೆ ವಿರುದ್ಧ. ಸ್ನಾಯುವಿಗೆ ಚುಚ್ಚುತ್ತಾರೆ, ಸಕ್ಕರೆ ಮೊದಲು ಏರಿ ಆಮೇಲೆ ಇಳಿಯುತ್ತದೆ, ಇಳಿಯುವ ಹೊತ್ತಿಗೆ ಹಾರ್ಮೋನ್ ಏಳುತ್ತದೆ. ಮೂರು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ವಾಕರಿಕೆ, ವಾಂತಿ ಸಾಮಾನ್ಯ. ಮುಗಿದ ಮೇಲೂ ಸಕ್ಕರೆ ಕುಸಿಯಬಹುದಾದ್ದರಿಂದ ಹೊಟ್ಟೆ ತುಂಬ ಉಣಿಸಿ, ಸಕ್ಕರೆ ನೋಡಿಯೇ ಕಳಿಸಬೇಕು. ಇಷ್ಟಿದ್ದರೂ ನಾನು ಇದನ್ನು ಕೆಟ್ಟ ಪರೀಕ್ಷೆ ಎನ್ನುವುದಿಲ್ಲ. ಎರಡನೇ ಪರೀಕ್ಷೆಯಾಗಿ ಚೆನ್ನಾಗಿ ಹೊಂದುತ್ತದೆ. ಇನ್ನೊಂದು ಪರೀಕ್ಷೆಯಲ್ಲಿ ಅರ್ಜಿನಿನ್ ಎಂಬ ಅಮೈನೋ ಆಮ್ಲವನ್ನು ಅರ್ಧ ಗಂಟೆ ಕಾಲ ರಕ್ತನಾಳದ ಮೂಲಕ ಬಿಡುತ್ತಾರೆ, ಅಡ್ಡಪರಿಣಾಮ ಕಡಿಮೆ.

ಇನ್ಸುಲಿನ್ ಪರೀಕ್ಷೆಗೆ ದೊಡ್ಡವರಲ್ಲಿ ಅಗ್ರಸ್ಥಾನ. ಇನ್ಸುಲಿನ್ ಕೊಟ್ಟು ರಕ್ತದ ಸಕ್ಕರೆಯನ್ನು ಬೇಕೆಂದೇ 40ರ ಆಸುಪಾಸಿಗೆ ಬೀಳಿಸುತ್ತಾರೆ. ಮಕ್ಕಳಲ್ಲಿ ಇದು ಆಟವಲ್ಲ. ಅಪಸ್ಮಾರ ಇರುವವರಿಗೆ ಮಾಡುವಂತಿಲ್ಲ. ಇದನ್ನು ವಾರವಾರ ಮಾಡಿ ರೂಢಿಯಿರುವ, ಹಾಸಿಗೆ ಪಕ್ಕ ವೈದ್ಯರು ನಿಲ್ಲುವ ಆಸ್ಪತ್ರೆಯಲ್ಲದೆ ಬೇರೆ ಕಡೆ ನನ್ನ ಮಗುವಿಗಂತೂ ಒಪ್ಪುತ್ತಿರಲಿಲ್ಲ. ಮಸಿಮೊರೆಲಿನ್ ಎಂಬ ಕುಡಿಯುವ ಔಷಧಿಯ ಪರೀಕ್ಷೆಗೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ದೊಡ್ಡವರಿಗೆ. ಮಕ್ಕಳ ವಿಚಾರಕ್ಕೆ ಅದನ್ನು ಎಳೆದು ತರಬೇಡಿ.

ಈಗ ಅಂಕಿಯ ಜಗಳ. ಶಿಖರ ಮಟ್ಟ ಪ್ರತಿ ಮಿಲಿಲೀಟರಿಗೆ 10 ನ್ಯಾನೋಗ್ರಾಂ ದಾಟದಿದ್ದರೆ ಕೊರತೆ ಎನ್ನುವುದು ಹಳೆಯ ಲೆಕ್ಕ. ಅಳೆಯುವ ವಿಧಾನಗಳು ಬದಲಾದ ಮೇಲೆ ಹಲವು ಕಡೆ 7ಕ್ಕೆ ಇಳಿಸಿಕೊಂಡಿದ್ದಾರೆ. ಅಂದರೆ 8 ಬಂದ ಮಗುವಿಗೆ ಒಂದು ಕಡೆ ಕಾಯಿಲೆ, ಇನ್ನೊಂದು ಕಡೆ ಆರೋಗ್ಯ. ಇದಕ್ಕಿಂತ ನನ್ನ ನಿದ್ದೆ ಕೆಡಿಸಿದ್ದು 1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ. ಸಹಜ ಎತ್ತರದ 84 ಆರೋಗ್ಯವಂತ ಮಕ್ಕಳು, ಹದಿಹರೆಯದವರನ್ನು ಕರೆದು ವ್ಯಾಯಾಮ, ಅರ್ಜಿನಿನ್, ಇನ್ಸುಲಿನ್ ಮೂರರಿಂದಲೂ ಪರೀಕ್ಷಿಸಿದರು. ಇನ್ನೂ ಮೈನೆರೆಯದವರಲ್ಲಿ ಶೇಕಡಾ 61 ಮಂದಿ ಮೂರರಲ್ಲಿ ಒಂದರಲ್ಲೂ 7ನ್ನು ದಾಟಲಿಲ್ಲ. ಏನೂ ತೊಂದರೆಯಿಲ್ಲದ ಮಕ್ಕಳು! ಪೂರ್ತಿ ಮೈನೆರೆದವರೆಲ್ಲ ದಾಟಿದರು. ಮೈನೆರೆಯದವರಿಗೆ ಎರಡು ದಿನ ಈಸ್ಟ್ರೋಜೆನ್ ಕೊಟ್ಟು ಪರೀಕ್ಷಿಸಿದಾಗ ಅವರಲ್ಲೂ ಹೆಚ್ಚಿನವರು ದಾಟಿದರು.

ಹತ್ತು ದಾಟಿಯೂ ಮೈನೆರೆಯದ ಹುಡುಗಿಯರಿಗೆ, ಹನ್ನೊಂದು ದಾಟಿದ ಹುಡುಗರಿಗೆ ಪರೀಕ್ಷೆಗೆ ಮುನ್ನ ಲೈಂಗಿಕ ಹಾರ್ಮೋನ್ ಕೊಟ್ಟು ಅಣಿಗೊಳಿಸುವ ಪದ್ಧತಿಗೆ, ಪ್ರೈಮಿಂಗ್ ಎನ್ನುವುದಕ್ಕೆ, ಕಾರಣ ಇದೇ. ನಾದಿನಿಯ ಮಗನಂಥ ಹುಡುಗನನ್ನು ಹಾಗೆ ಅಣಿಗೊಳಿಸದೆ ಪರೀಕ್ಷಿಸಿದ್ದರೆ ಬಹುಶಃ ಸೋಲುತ್ತಿದ್ದ, ಬೇಡದ ಮದ್ದು ಶುರುವಾಗುತ್ತಿತ್ತು. ಬೊಜ್ಜಿರುವ ಮಕ್ಕಳಲ್ಲೂ ಅಂಕಿ ಕೆಳಗೆ ಬರುತ್ತದೆ. ನನ್ನ ಅಭಿಪ್ರಾಯ ಇಷ್ಟು: ಬೆಳೆಯುವ ವೇಗ ಚೆನ್ನಾಗಿರುವ ಮಗುವಿಗೆ ಈ ಪರೀಕ್ಷೆ ಮಾಡಿಸುವುದೇ ತಪ್ಪು. ಗೋಡೆಯ ಗೆರೆ, ಮೂಳೆಯ ವಯಸ್ಸು, ಐಜಿಎಫ್-1 ಮೂರೂ ಒಂದೇ ಕಡೆ ಬೆರಳು ತೋರಿಸುವಾಗ ಪರೀಕ್ಷೆ ಸಾಕ್ಷಿ ಹೇಳುತ್ತದೆ. ಅದೊಂದನ್ನೇ ನ್ಯಾಯಾಧೀಶನಾಗಿ ಕೂರಿಸಬಾರದು. ಮಗಳಿಗೆ ಬಂದದ್ದು ಕ್ಲೋನಿಡಿನ್‌ನಲ್ಲಿ 4.1, ಗ್ಲುಕಗಾನ್‌ನಲ್ಲಿ 5.6. ಆ ಎರಡು ಅಂಕಿ ನಂಬಿಸಿದ್ದು ಅವುಗಳ ಹಿಂದೆ 3.4 ಸೆಂಟಿಮೀಟರ್ ಇದ್ದದ್ದರಿಂದ.

ಎರಡೂ ಕಡಿಮೆ ಬಂದರೆ ಪಿಟ್ಯುಟರಿಯ ಎಂಆರ್‌ಐ. ಗ್ರಂಥಿ ಚಿಕ್ಕದಿದೆಯೇ, ಅದನ್ನು ಮೆದುಳಿಗೆ ಜೋಡಿಸುವ ಕಾಂಡ ತುಂಡಾಗಿದೆಯೇ, ಗಡ್ಡೆಯಿದೆಯೇ ಎಂದು ನೋಡಲು. ಇದರಲ್ಲಿ ಉಳಿತಾಯದ ಯೋಚನೆ ಬೇಡ.

ಎಲ್ಲಿ ಮಾಡಿಸುವುದು

ವಿರಾಜಪೇಟೆ, ಗೋಣಿಕೊಪ್ಪಲಿನವರಿಗೆ ಮೈಸೂರು. ಸಂಪಾಜೆ ಕಡೆಯವರಿಗೆ ಮಂಗಳೂರು. ನಮ್ಮ ಶನಿವಾರಸಂತೆಗೆ ಹಾಸನವೇ ಹತ್ತಿರ. ಹತ್ತಿರ ದೂರಕ್ಕಿಂತ ಮುಖ್ಯ, ಮಕ್ಕಳ ಹಾರ್ಮೋನ್ ತಜ್ಞರ ಕೈಕೆಳಗೆ ಈ ಪರೀಕ್ಷೆ ಪದೇಪದೇ ನಡೆಯುತ್ತದೆಯೇ ಎಂಬುದು. ಮುಂಗಾರಿನಲ್ಲಿ ದಿನ ನಿಗದಿ ಮಾಡುವುದಾದರೆ ಘಾಟಿ ರಸ್ತೆ ನಂಬಬೇಡಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ-ಸಂಪಾಜೆ ರಸ್ತೆಗೆ ಏನಾಯಿತೆಂದು ಕೊಡಗಿನವರಿಗೆ ಹೇಳಬೇಕಿಲ್ಲ.

ನಾವು ಮೊದಲ ಸಲ ಬೆಳಗಿನ ಜಾವ ಹೊರಟು ಮೈಸೂರಿಗೆ ಹೋದೆವು. ಖಾಲಿ ಹೊಟ್ಟೆಯಲ್ಲಿರಬೇಕೆಂದು ಎಲ್ಲರಿಗೂ ಹೇಳಿದ್ದೆ. ಬೈಲಕುಪ್ಪೆ ದಾಟುವಾಗ ನನಗೆ ಜೊಂಪು ಹತ್ತಿತು. ಮಗು ಹಸಿವು ಎಂದಳಂತೆ, ಅಜ್ಜಿ ಸೆರಗಿನ ಗಂಟಿನಿಂದ ಎರಡು ಬಿಸ್ಕತ್ತು ಕೊಟ್ಟರಂತೆ. ನರ್ಸ್ ಕೇಳಿದಾಗ ಮಗಳೇ ಪ್ರಾಮಾಣಿಕವಾಗಿ ಒಪ್ಪಿಕೊಂಡಳು. ಪರೀಕ್ಷೆ ಇಪ್ಪತ್ತು ದಿನ ಮುಂದಕ್ಕೆ ಹೋಯಿತು. ಎರಡನೇ ಸಲ ಹಿಂದಿನ ಸಂಜೆಯೇ ಹೋಗಿ ಉಳಿದೆವು. ಸಣ್ಣ ಮಕ್ಕಳನ್ನು ಉಪವಾಸದಲ್ಲಿ ಮೂರು ಗಂಟೆ ಪ್ರಯಾಣ ಮಾಡಿಸುವುದು ಹೇಗೂ ಸರಿಯಲ್ಲ.

ದಿನದ ಮದ್ದು, ವಾರದ ಮದ್ದು

"ಹೆಣದ ತಲೆಯಿಂದ ತೆಗೆದ ಔಷಧಿಯಂತೆ" ಎಂದು ನಮ್ಮೂರಲ್ಲಿ ಒಬ್ಬರು ಹೆದರಿಸಿದ್ದರು. ಪೂರ್ತಿ ಸುಳ್ಳಲ್ಲ, ಹಳೆಯ ಸುದ್ದಿ. 1950ರ ದಶಕದ ಕೊನೆಯಿಂದ ಮೃತರ ಪಿಟ್ಯುಟರಿಯಿಂದ ತೆಗೆದ ಹಾರ್ಮೋನನ್ನೇ ಕೊಡುತ್ತಿದ್ದರು. ಅದರಿಂದ ಕೆಲವರಿಗೆ ಮೆದುಳಿನ ಮಾರಣಾಂತಿಕ ಕಾಯಿಲೆ ಬಂದದ್ದು ಗೊತ್ತಾಗಿ 1985ರಲ್ಲಿ ಅಮೆರಿಕದಲ್ಲಿ ನಿಂತಿತು. ಅದೇ ವರ್ಷ ಪ್ರಯೋಗಾಲಯದಲ್ಲಿ ತಯಾರಾದ ಹಾರ್ಮೋನ್ ಬಂತು. ಈಗ ಸಿಗುವ ಸೊಮಾಟ್ರೋಪಿನ್ ಸೂಕ್ಷ್ಮಜೀವಿಗಳಲ್ಲೋ ಕೋಶಗಳಲ್ಲೋ ತಯಾರಾಗುವ, 191 ಅಮೈನೋ ಆಮ್ಲಗಳ, ನಮ್ಮ ದೇಹದ್ದೇ ಪಡಿಯಚ್ಚು.

ದಿನಕ್ಕೊಮ್ಮೆ ರಾತ್ರಿ ಚರ್ಮದಡಿಗೆ ಕೊಡುವುದು ಇದು. ವಾರಕ್ಕೊಮ್ಮೆ ಕೊಡುವವುಗಳಲ್ಲಿ ಮುಖ್ಯವಾದವು ಮೂರು. ಲೋನಾಪೆಗ್‌ಸೊಮಾಟ್ರೋಪಿನ್ ಅಸಲಿ ಹಾರ್ಮೋನನ್ನೇ ಕಟ್ಟಿಹಾಕಿ ವಾರವಿಡೀ ನಿಧಾನವಾಗಿ ಬಿಚ್ಚುತ್ತದೆ. ಸೊಮಪಸಿಟಾನ್ ರಕ್ತದ ಆಲ್ಬುಮಿನ್‌ಗೆ ಅಂಟಿಕೊಂಡು ಉಳಿಯುತ್ತದೆ. ಸೊಮಾಟ್ರೋಗಾನ್‌ನಲ್ಲಿ ಹಾರ್ಮೋನಿಗೆ ಬಾಲಗಳನ್ನು ಜೋಡಿಸಿ ಅಣುವನ್ನೇ ದೊಡ್ಡದು ಮಾಡಿದ್ದಾರೆ. ಅಮೆರಿಕದಲ್ಲಿ ಮೊದಲನೆಯದಕ್ಕೆ 2021ರಲ್ಲಿ, ಉಳಿದೆರಡಕ್ಕೆ 2023ರಲ್ಲಿ ಮಕ್ಕಳಿಗೆ ಕೊಡಲು ಒಪ್ಪಿಗೆ ಸಿಕ್ಕಿತು.

ಸಂಶೋಧನೆ ಏನು ಹೇಳುತ್ತದೆ? ಲೋನಾಪೆಗ್‌ಸೊಮಾಟ್ರೋಪಿನ್ ಪ್ರಯೋಗದಲ್ಲಿ 161 ಮಕ್ಕಳು. ಒಂದು ವರ್ಷದಲ್ಲಿ ವಾರದ ಗುಂಪು 11.2 ಸೆಂಟಿಮೀಟರ್, ದಿನದ ಗುಂಪು 10.3. ಸೊಮಪಸಿಟಾನ್‌ನಲ್ಲಿ 200 ಮಕ್ಕಳು, ವಾರದ್ದು 11.2, ದಿನದ್ದು 11.7. ಸೊಮಾಟ್ರೋಗಾನ್‌ನಲ್ಲಿ 224 ಮಕ್ಕಳು, 10.1 ಮತ್ತು 9.8. ಇದನ್ನು ನೋಡಿ ಮೂರರಲ್ಲಿ ಮೊದಲನೆಯದೇ ಮೇಲು ಎಂದು ತೀರ್ಮಾನಿಸಬೇಡಿ. ಮೂರನ್ನೂ ಎದುರುಬದುರು ನಿಲ್ಲಿಸಿದ ಪ್ರಯೋಗಗಳಲ್ಲ ಇವು. ಮಕ್ಕಳು ಬೇರೆ, ಡೋಸು ಬೇರೆ. ದಿನದ ಮದ್ದೇ ಒಂದು ಕಡೆ 9.8, ಇನ್ನೊಂದು ಕಡೆ 11.7 ಕೊಟ್ಟಿರುವುದನ್ನು ಗಮನಿಸಿ.

ಇನ್ನೊಂದು ಸೂಕ್ಷ್ಮ. ಹೊಸ ಕಾಫಿ ತಳಿ ಹಳೆಯದಕ್ಕಿಂತ ಹೆಚ್ಚು ಫಸಲು ಕೊಡುತ್ತದೆ ಎಂದು ತೋರಿಸುವುದು ಬೇರೆ, ಹಳೆಯದಕ್ಕಿಂತ ಎಕರೆಗೆ ಇಷ್ಟು ಮೂಟೆಗಿಂತ ಹೆಚ್ಚು ಹಿಂದೆ ಬೀಳುವುದಿಲ್ಲ ಎಂದು ತೋರಿಸುವುದು ಬೇರೆ. ಈ ಪ್ರಯೋಗಗಳು ಮುಖ್ಯವಾಗಿ ಎರಡನೇ ಜಾತಿಯವು. ಸೊಮಾಟ್ರೋಗಾನ್ ಪ್ರಯೋಗದಲ್ಲಿ ವರ್ಷಕ್ಕೆ 1.8 ಸೆಂಟಿಮೀಟರಿಗಿಂತ ಹೆಚ್ಚು ಹಿಂದೆ ಬೀಳಬಾರದು ಎಂದು ಮೊದಲೇ ಗಡಿ ಹಾಕಿಕೊಂಡಿದ್ದರು, ಬೀಳಲಿಲ್ಲ. ವಾರದ ಮದ್ದು ದಿನದ ಮದ್ದಿಗೆ ಕಡಿಮೆಯಿಲ್ಲ ಎಂಬುದು ಸಾಬೀತಾಗಿದೆ. ಹೆಚ್ಚು ಎಂದು ಬಂದದ್ದು ಲೋನಾಪೆಗ್‌ಸೊಮಾಟ್ರೋಪಿನ್ ಪ್ರಯೋಗವೊಂದರಲ್ಲಿ ಮಾತ್ರ, ಉಳಿದೆರಡರಲ್ಲಿ ಅಲ್ಲ. ಇನ್ನೂರು ಮಕ್ಕಳಲ್ಲಿ ಒಂದು ವರ್ಷ ನೋಡಿದರೆ ಅಪರೂಪದ ಅಪಾಯಗಳು ಕಾಣುವುದೂ ಇಲ್ಲ. ದಿನದ ಮದ್ದಿಗೆ ಹತ್ತಿರ ಹತ್ತಿರ ನಾಲ್ಕು ದಶಕಗಳ ಅನುಭವವಿದೆ.

ಹಾಗಾದರೆ ಆಯ್ಕೆ ಹೇಗೆ? ಮನೆಯಲ್ಲಿ ಯಾವುದು ತಪ್ಪದೆ ನಡೆಯುತ್ತದೆಯೋ ಅದು. 365 ಚುಚ್ಚು ಮತ್ತು 52 ಚುಚ್ಚು ಎಂದರೆ ಯಾರೂ ಎರಡನೆಯದನ್ನೇ ಹೇಳುತ್ತಾರೆ. ಆದರೆ ದಿನದ ಮದ್ದು ಒಂದು ರಾತ್ರಿ ತಪ್ಪಿದರೆ ಹೋದದ್ದು ಒಂದು ದಿನ. ವಾರದ್ದು ಎರಡು ಮೂರು ದಿನದೊಳಗೆ ನೆನಪಾಗದಿದ್ದರೆ ಹೋದದ್ದು ಇಡೀ ವಾರ. ಸೊಮಾಟ್ರೋಗಾನ್ ಪ್ರಯೋಗದಲ್ಲಿ ಚುಚ್ಚಿದ ಜಾಗದ ನೋವು ವಾರದ ಗುಂಪಿನಲ್ಲೇ ಹೆಚ್ಚಿತ್ತು. ಐಜಿಎಫ್-1 ನೋಡುವಾಗಲೂ ವಾರದ ಮದ್ದಿನಲ್ಲಿ ಯಾವ ದಿನ ರಕ್ತ ಕೊಟ್ಟಿರಿ ಎಂಬುದು ಮುಖ್ಯ. ಚುಚ್ಚಿದ ಮರುದಿನ ಬೇರೆ, ನಾಲ್ಕನೇ ದಿನ ಬೇರೆ. ನಾವು ದಿನದ್ದನ್ನೇ ಆರಿಸಿದೆವು, ಹಲ್ಲುಜ್ಜುವಂತೆ ರೂಢಿಯಾಯಿತು. ಮೊದಲ ವರ್ಷ 9 ಸೆಂಟಿಮೀಟರ್ ಬೆಳೆದಳು, ಎರಡನೇ ವರ್ಷ 7.5. ಬರುವ ಜೂನ್‌ಗೆ ವಸತಿ ಶಾಲೆಗೆ ಸೇರಿಸುವ ಮಾತಿದೆ. ಸೇರಿದರೆ ವಾರದ್ದಕ್ಕೆ ಬದಲಾಯಿಸಿ, ಭಾನುವಾರ ನಾವು ಹೋಗಿ ನೋಡುವಾಗ ಕೊಡುವುದೆಂದು ವೈದ್ಯರೊಡನೆ ಮಾತಾಗಿದೆ.

ಮಳೆಗಾಲ, ಕರೆಂಟು, ಫ್ರಿಜ್ಜು

ಕೊಡಗಿನವರು ಕೇಳಲೇಬೇಕಾದ ಪ್ರಶ್ನೆ ಇದು. ಈ ಮದ್ದುಗಳನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ಜುಲೈ, ಆಗಸ್ಟ್‌ನಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲದಿರುವುದು ನಮಗೆ ಸುದ್ದಿಯೇ ಅಲ್ಲ. ಇಲ್ಲಿ ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ ವ್ಯತ್ಯಾಸವಿದೆ: ದಿನದ ಮದ್ದಿನ ಒಂದು ಬ್ರ್ಯಾಂಡ್ ಆದ ನಾರ್ಡಿಟ್ರೋಪಿನ್ ಪೆನ್ನು ಒಮ್ಮೆ ಬಳಸಲು ಶುರುಮಾಡಿದ ಮೇಲೆ 25 ಡಿಗ್ರಿಯೊಳಗೆ ಮೂರು ವಾರ ಹೊರಗಿರಬಹುದು, ಲೋನಾಪೆಗ್‌ಸೊಮಾಟ್ರೋಪಿನ್ 30 ಡಿಗ್ರಿಯೊಳಗೆ ಆರು ತಿಂಗಳು. ಎಲ್ಲಕ್ಕೂ ಇದು ಅನ್ವಯಿಸುವುದಿಲ್ಲ, ನಿಮ್ಮ ಡಬ್ಬಿಯೊಳಗಿನ ಚೀಟಿ ಓದಿ. ಮಡಿಕೇರಿಯ ಮಳೆಗಾಲದ ಕೋಣೆ 25 ದಾಟುವುದಿಲ್ಲ, ಏಪ್ರಿಲ್‌ನ ಕುಶಾಲನಗರ ದಾಟುತ್ತದೆ.

ಬಿಸಿಗಿಂತ ನನಗೆ ನಷ್ಟ ಮಾಡಿದ್ದು ತಣ್ಣಗಾದದ್ದು. ಹೊಸ ಪೆನ್ನೊಂದನ್ನು ಫ್ರಿಜ್ಜಿನ ಹಿಂಬದಿಗೆ ತಾಗಿಸಿ ಇಟ್ಟಿದ್ದೆ, ರಾತ್ರಿ ತೆಗೆದರೆ ಒಳಗೆ ಸೂಜಿಯಂಥ ಹಿಮದ ಎಳೆ. ಕರಗಿದ ಮೇಲೆ ಮೊದಲಿನಂತೆಯೇ ತಿಳಿಯಾಗಿ ಕಂಡಿತು. ಆದರೂ ಎಸೆಯಬೇಕಾಯಿತು, ಹೆಪ್ಪುಗಟ್ಟಿದ ಹಾರ್ಮೋನ್ ಕೆಟ್ಟಂತೆಯೇ. ಈಗ ಬಾಗಿಲ ಕಡೆಯ ತಟ್ಟೆಯಲ್ಲಿ ಊಟದ ಡಬ್ಬಿಯೊಳಗಿಡುತ್ತೇನೆ. ಬಸ್ಸಿನಲ್ಲಿ ಒಯ್ಯುವಾಗ ಐಸ್ ಪ್ಯಾಕಿಗೂ ಪೆನ್ನಿಗೂ ನಡುವೆ ಟವೆಲ್ ಸುತ್ತುತ್ತೇನೆ.

ದುಡ್ಡಿನ ಲೆಕ್ಕ

ಸೊಮಾಟ್ರೋಪಿನ್‌ನ 1 ಮಿಲಿಗ್ರಾಂ ಎಂದರೆ 3 ಯೂನಿಟ್. ಕೊರತೆಯಿರುವ ಮಗುವಿಗೆ ಶುರುವಿನ ಡೋಸು ವಾರಕ್ಕೆ ಪ್ರತಿ ಕಿಲೋ ತೂಕಕ್ಕೆ 0.16ರಿಂದ 0.24 ಮಿಲಿಗ್ರಾಂ, 16 ಕಿಲೋ ಮಗುವಿಗೆ ದಿನಕ್ಕೆ ಸುಮಾರು 1.1ರಿಂದ 1.6 ಯೂನಿಟ್. ಬೇರೆ ಬೇರೆ ಕಂಪನಿಯ ದಿನದ ಮದ್ದುಗಳನ್ನು ಯೂನಿಟ್ ಲೆಕ್ಕದಲ್ಲಿ ಹೋಲಿಸಿ, ಪೆನ್ನಿನ ಬೆಲೆಯಲ್ಲಲ್ಲ. ಮಗು ತೂಕ ಹೆಚ್ಚಿದಂತೆ ಖರ್ಚೂ ಹೆಚ್ಚುತ್ತದೆ, ಅದನ್ನು ಮೊದಲ ತಿಂಗಳಲ್ಲೇ ಲೆಕ್ಕ ಹಾಕಿಡಿ. ವಾರದ ಮದ್ದುಗಳಿಗೆ ಈ ಲೆಕ್ಕ ಹೊಂದುವುದಿಲ್ಲ: ಸೊಮಪಸಿಟಾನ್ ಕಿಲೋಗೆ 0.16 ಮಿಲಿಗ್ರಾಂ, ಸೊಮಾಟ್ರೋಗಾನ್ 0.66, ಅಣುವಿನ ತೂಕವೇ ಬೇರೆ. ಅಲ್ಲಿ ತಿಂಗಳ ಒಟ್ಟು ಖರ್ಚನ್ನೇ ಹೋಲಿಸಬೇಕು. ಬಯೋಸಿಮಿಲರ್, ಅಂದರೆ ಮೊದಲ ಕಂಪನಿಯ ಮದ್ದಿಗೆ ಸಾಟಿಯಾಗಿ ಬೇರೆ ಕಂಪನಿ ತಯಾರಿಸುವ ಮದ್ದು, ನಕಲಿ ಎಂಬ ಅನುಮಾನ ಬೇಡ. ಯುರೋಪಿನಲ್ಲಿ ಒಪ್ಪಿಗೆ ಪಡೆದ ಮೊತ್ತಮೊದಲ ಬಯೋಸಿಮಿಲರ್ 2006ರಲ್ಲಿ ಬೆಳವಣಿಗೆಯ ಹಾರ್ಮೋನೇ.

ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯ ಎರಡನೇ ಗುಂಪಿನಲ್ಲಿ ಖಚಿತಪಟ್ಟ ಬೆಳವಣಿಗೆಯ ಹಾರ್ಮೋನ್ ಕೊರತೆ, ಟರ್ನರ್ ಸಿಂಡ್ರೋಮ್ ಎರಡೂ ಇವೆ. ಗೊತ್ತುಪಡಿಸಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಅಂಥ ಕೇಂದ್ರಗಳಲ್ಲಿ ಒಂದು. ತೋಟದ ಲೈನ್ ಮನೆಯ ಮಗುವಿಗೆ ಈ ಚಿಕಿತ್ಸೆ ಕನಸು ಎಂದು ಕೈಬಿಡುವ ಮುನ್ನ ಒಮ್ಮೆ ಅಲ್ಲಿ ವಿಚಾರಿಸಿ. "ಖಚಿತಪಟ್ಟ" ಎಂಬ ಮಾತಿದೆ, ಹಾಗಾಗಿ ಎರಡು ಪರೀಕ್ಷೆಯ ವರದಿ, ಎತ್ತರದ ದಾಖಲೆ ಕೈಯಲ್ಲಿರಲಿ. ಎತ್ತರ ಹೆಚ್ಚಿಸುವ ಪುಡಿ, ಡಬ್ಬಿಗಳ ವಿಷಯಕ್ಕೆ ನಾನು ಹೋಗುವುದಿಲ್ಲ. ಆ ದುಡ್ಡಿಗೆ ಮೊಟ್ಟೆ ತನ್ನಿ.

ಏನನ್ನು ಗಮನಿಸಬೇಕು, ಎಂದು ನಿಲ್ಲಿಸಬೇಕು

ಹೆಚ್ಚಿನ ಮಕ್ಕಳಿಗೆ ತೊಂದರೆಯಾಗುವುದಿಲ್ಲ. ಆದರೆ ತೀವ್ರ ತಲೆನೋವಿನ ಜೊತೆ ವಾಂತಿ, ಕುಂಟುವುದು, ಸೊಂಟ ಅಥವಾ ಮೊಣಕಾಲಿನ ನೋವು ಕಂಡರೆ ಮುಂದಿನ ಭೇಟಿಗೆ ಕಾಯದೆ ಅಂದೇ ಫೋನ್ ಮಾಡಿ. ತಲೆಯೊಳಗಿನ ಒತ್ತಡ ಏರುವುದು, ತೊಡೆಮೂಳೆಯ ತುದಿ ಜಾರುವುದು ಅಪರೂಪವಾದರೂ ಆಗುತ್ತದೆ. ಬೆನ್ನು ವಕ್ರವಾಗುತ್ತಿದೆಯೇ ನೋಡಿ. ಥೈರಾಯ್ಡ್, ಸಕ್ಕರೆ ಆಗಾಗ ಪರೀಕ್ಷಿಸುತ್ತಾರೆ. ಮೊದಲ ವರ್ಷವೇ ವೇಗ ಎದ್ದು ಕಾಣುವಂತೆ ಏರದಿದ್ದರೆ, ಚುಚ್ಚುವುದು ತಪ್ಪುತ್ತಿದೆಯೇ, ಮದ್ದು ಕೆಟ್ಟಿದೆಯೇ, ರೋಗನಿರ್ಣಯವೇ ತಪ್ಪೇ ಎಂದು ಮೂರನ್ನೂ ಪ್ರಶ್ನಿಸಬೇಕು.

ಬೆಳವಣಿಗೆ ವರ್ಷಕ್ಕೆ ಎರಡು ಸೆಂಟಿಮೀಟರಿಗಿಂತ ಕೆಳಗಿಳಿದಾಗ ಎತ್ತರಕ್ಕಾಗಿ ಕೊಡುವ ಮದ್ದು ಮುಗಿಯುತ್ತದೆ. ಆಮೇಲೆ ಒಂದರಿಂದ ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡುತ್ತಾರೆ. ಕಾರಣ ಗೊತ್ತಿಲ್ಲದೆ ಈ ಒಂದೇ ಹಾರ್ಮೋನ್ ಕೊರತೆಯಿದ್ದ ಮಕ್ಕಳಲ್ಲಿ ಬಹಳಷ್ಟು ಮಂದಿ ಆಗ ಸಹಜವಾಗಿಯೇ ಉತ್ತೀರ್ಣರಾಗುತ್ತಾರೆ. ಉಳಿದವರಿಗೆ ಸ್ನಾಯು, ಮೂಳೆ, ಕೊಬ್ಬಿನ ಹದಕ್ಕಾಗಿ ದೊಡ್ಡವರಾದ ಮೇಲೂ ಸಣ್ಣ ಡೋಸು ಬೇಕಾಗಬಹುದು. ನಮಗೆ ಅದಕ್ಕಿನ್ನೂ ಮೂರು ನಾಲ್ಕು ವರ್ಷವಿದೆ. ಎರಡು ಪರೀಕ್ಷೆಯ ವರದಿ, ಎಂಆರ್‌ಐ ಸಿಡಿ, ಎತ್ತರ ಬರೆಯುವ ನೂರು ಪುಟದ ನೋಟ್‌ಪುಸ್ತಕ ಮೂರನ್ನೂ ಒಂದೇ ಪ್ಲಾಸ್ಟಿಕ್ ಕವರಿಗೆ ಹಾಕಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಒಲೆಯ ಮೇಲಿನ ಕಪಾಟಿನಲ್ಲಿಟ್ಟಿದ್ದೇನೆ.